ದೊಡ್ಡ ಪಿಟೀಲಿಗೆ ಸೊಪ್ಪು ಕಟ್ಟಿದ್ದು

ದೊಡ್ಡ ಪಿಟೀಲು ನಮ್ಮ ಮೊಮ್ಮಗಳ ಹತ್ತಿರವೇ ಉಳಿಯಿತು. ಮೊದಲು ಇದನ್ನ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಕಳೆದ ಭಾನುವಾರ ಮೈಸೂರಿನಲ್ಲಿ ಅವಳು ಸ್ವಂತವಾಗಿ ಕಟ್ಟಿದ ಸಂಗೀತವನ್ನ ಮೂವರು ಕೂತು, ಇವಳೊಬ್ಬಳು ನಿಂತು, ಒಟ್ಟು ನಾಲ್ಕು ಜನ ನುಡಿಸಿದರು. ಮುಗಿದ ಮೇಲೆ ಅವಳ ಮೇಷ್ಟರು ಎದ್ದು ಬಂದು, "ಈ ವಾದ್ಯ ಇನ್ನು ನಿನ್ನ ಹತ್ತಿರಾನೇ ಇರಲಿ, ವಾಪಸ್ ತರಬೇಡ" ಅಂದರು. ಅವತ್ತಿನಿಂದ ನನಗೆ ಬಾಯಿ ನಿಂತಿಲ್ಲ. ಡೈರಿಯಲ್ಲಿ ಹಾಲು ಹಾಕಲು ಕ್ಯಾನ್ ಹಿಡಿದು ನಿಂತವರಿಗೆಲ್ಲ ಹೇಳಿದೆ. ಹುಣಸೂರು ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿ, ಪಾಪ, ಆಕೆ ಇಳಿಯುವ ಸ್ಟಾಪನ್ನೇ ದಾಟಿಸಿಬಿಟ್ಟೆ. ಇಳಿಯುವಾಗ ಆಕೆ, "ಒಳ್ಳೇದಾಯ್ತು ಬುಡವ್ವ, ಆದ್ರೆ ನಂಗೆ ವಾಪಸ್ ನಡ್ಕಂಡೋಗಾದ್ಕೆ ಎರಡ್ ಮೈಲಿ ಆಯ್ತದೆ" ಅಂದಳು.

ನಮ್ಮದು ಗಾವಡಗೆರೆ ಪಕ್ಕದ ಹಳ್ಳಿ. ಹೊಗೆಸೊಪ್ಪು, ರಾಗಿ, ಬೋರಿನಲ್ಲಿ ನೀರು ಬಿದ್ದ ಕಡೆ ಒಂದಿಷ್ಟು ಶುಂಠಿ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನಗೆ ಗೊತ್ತಿದ್ದ ಪಿಟೀಲು ಅಂದರೆ ಹರಿಕಥೆಯವರ ಪಕ್ಕ ಒಬ್ಬರು ಕೂತು ಕಾಲಿಗೆ ಆನಿಸಿಕೊಂಡು ನುಡಿಸುವಂಥದ್ದು. ಇದು ಹಾಗಲ್ಲ. ನಿಲ್ಲಿಸಿದರೆ ಆಳಿಗಿಂತ ಎತ್ತರ, ಹೊಟ್ಟೆ ರಾಗಿ ತುಂಬಿಡುವ ವಾಡೆಯಷ್ಟು ದಪ್ಪ. ಡಬಲ್ ಬಾಸ್ ಅಂತ ಹೆಸರು. ಅದರ ದನಿ ಕಿವಿಗೆ ಬರುವ ಮೊದಲು ನಾವು ಕೂತ ಮಣೆಗೆ ಬರುತ್ತದೆ.

ಅದು ನಮ್ಮ ಮನೆತನಕ್ಕೆ ಬಂದದ್ದು ಎತ್ತರದ ದೆಸೆಯಿಂದ. ನಮ್ಮ ಅಳಿಯ ಕೆ.ಆರ್. ನಗರದ ಕಡೆಯವರು, ಮೈಸೂರಿನಲ್ಲಿ ಸ್ಕೂಲ್ ವ್ಯಾನು ಓಡಿಸುತ್ತಾರೆ. ಅವರ ಮಗಳು, ನನ್ನ ಮೊಮ್ಮಗಳು, ಒಂಬತ್ತನೇ ಕ್ಲಾಸಿಗೇ ಅಪ್ಪನ ತಲೆ ದಾಟಿದಳು. ಮದುವೆಮನೆಗೆ ಹೋದರೆ ನೆಂಟರು ಅವಳ ಓದು ಕೇಳುತ್ತಿರಲಿಲ್ಲ. "ಇನ್ನೂ ಬೆಳೀತಾವ್ಳಾ?" ಅಂತ ತೆಂಗಿನ ಸಸಿ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. ಆಮೇಲೆ ಎಲ್ಲರೂ ತಿರುಗಿ ನನ್ನನ್ನ ನೋಡುತ್ತಿದ್ದರು, ಯಾಕೆಂದರೆ ಆ ಎತ್ತರ ನನ್ನದು. ಹೊಗೆಸೊಪ್ಪನ್ನ ಬಿಸಿಯಲ್ಲಿ ಹದ ಮಾಡಲು ಮನೆಗಿಂತ ಎತ್ತರದ ಒಂದು ಕೋಣೆ ಇರುತ್ತದೆ, ನಾವು ಬ್ಯಾರನ್ ಅನ್ನುತ್ತೇವೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನ ಗಂಡಸರು ಮೇಲೆ ಅಡ್ಡಮರದಲ್ಲಿ ನಿಂತು ಸಾಲಾಗಿ ಜೋಡಿಸುತ್ತಾರೆ, ಕೆಳಗಿಂದ ಒಬ್ಬರು ಎತ್ತಿಕೊಡಬೇಕು. ನಾನು ಸೊಸೆಯಾಗಿ ಬಂದ ವರ್ಷದಿಂದ ಆ ಕೆಲಸ ನನ್ನದೇ. ನಮ್ಮತ್ತೆ ನನ್ನನ್ನ ಒಪ್ಪಿದ್ದೇ ಏಣಿ ಉಳಿಯುತ್ತದೆ ಅಂತ.

ಅಳಿಯ ವ್ಯಾನು ಓಡಿಸುವ ಸ್ಕೂಲಿನಲ್ಲಿ ಒಬ್ಬ ಸಂಗೀತದ ಮೇಷ್ಟರಿದ್ದರು, ಅವರ ಹತ್ತಿರ ಯಾರೂ ತಬ್ಬಿಕೊಳ್ಳಲಾಗದ ಈ ದೊಡ್ಡ ಪಿಟೀಲು ಇತ್ತು. ಒಂದು ದಿನ ನಮ್ಮ ಹುಡುಗಿ ತಲೆ ಬಗ್ಗಿಸಿ ವ್ಯಾನಿನಿಂದ ಇಳಿಯುವುದನ್ನ ನೋಡಿ ಅವರು, "ಇಷ್ಟು ದಿನ ಎಲ್ಲಿದ್ದೆ ಮಗು?" ಅಂದರಂತೆ. ಅವಳ ಎತ್ತರ ನೋಡಿ ಖುಷಿಪಟ್ಟ ಮೊದಲ ಮನುಷ್ಯ ಆತ. ಒಂದೇ ಸಮನೆ ಏಳೆಂಟು ವರ್ಷ ಕಲಿಸಿದರು, ವಾದ್ಯವನ್ನೂ ಮನೆಗೆ ತೆಗೆದುಕೊಂಡು ಹೋಗು ಅಂದರು. ಈಗ ಅವಳಿಗೆ ಇಪ್ಪತ್ತೆರಡು.

ಈ ಬೇಸಗೆಯಲ್ಲಿ ಮೇಷ್ಟರು ಒಂದು ಮಾತು ಹೇಳಿದರು. ಆ ವಾದ್ಯಕ್ಕೆ ಈಗ ಇನ್ನೊಬ್ಬರು ಕಾಯುತ್ತಿದ್ದಾರೆ. ಬೇರೆಯವರು ಬರೆದದ್ದನ್ನ ನುಡಿಸುವವರು ಬಹಳ ಜನ ಇದ್ದಾರೆ, ಇವಳು ತನ್ನದೇ ಒಂದನ್ನ ಕಟ್ಟಿಕೊಂಡು ಬರಬೇಕು. ಬೆಂಗಳೂರಿನಿಂದ ಮೂವರು ಬರುತ್ತಾರೆ, ಅವರ ಜೊತೆ ನುಡಿಸಿದಾಗ ಅದು ತನ್ನ ಕಾಲ ಮೇಲೆ ತಾನು ನಿಂತರೆ ವಾದ್ಯ ಇವಳ ಹತ್ತಿರ, ಇಲ್ಲದಿದ್ದರೆ ಕಾಯುತ್ತಿರುವವರ ಹತ್ತಿರ. ದೊಡ್ಡ ಸಭೆಗೆ ಅಲ್ಲ, ಒಂದು ಕೋಣೆಯಲ್ಲಿ ನಾಲ್ಕೈದು ಜನ ಸೇರಿ ನುಡಿಸುವ ಸಂಗೀತ. ಚೇಂಬರ್ ಮ್ಯೂಸಿಕ್ ಅನ್ನುತ್ತಾರಂತೆ.

ಫೋನಿನಲ್ಲಿ ಇದನ್ನ ಕೇಳಿದ ನಮ್ಮ ಯಜಮಾನರು, "ಕೋಣೇಲಿ ನುಡ್ಸಾದ್ಕೆ ಬೆಂಗ್ಳೂರಿಂದ ಯಾಕ್ ಬರ್ಬೇಕು ಕಣಮ್ಮಿ? ನಮ್ ಕೋಣೇಲೇ ಮಾಡ್ಕಂಡ್ರೆ ಆಯ್ತದಪ್ಪ" ಅಂದರು.

ಅವಳು ಮೊದಲು ಒಂದು ಕಟ್ಟಿಕೊಂಡು ಹೋದಳು. ಹಳ್ಳಿ ಬಗ್ಗೆ. ಒಂದು ಪಿಟೀಲು ಕೋಗಿಲೆ, ಇನ್ನೊಂದು ತೊರೆ, ದೊಡ್ಡ ಪಿಟೀಲು ಮೋಡ. ಮೇಷ್ಟರು ಪೂರಾ ಕೇಳಿ, "ಇದು ಕ್ಯಾಲೆಂಡರಿನ ಹಳ್ಳಿ. ನಿಮ್ಮಜ್ಜಿ ಇರೋದು ಇದರಲ್ಲೇನಾ?" ಅಂದರಂತೆ. ಇವಳು ಅಳುತ್ತಾ ನನಗೆ ಫೋನು ಮಾಡಿದಳು. ನಾನು, "ತೊರೆ ಎಲ್ಲೈತೆ ಮಗ ನಮ್ಮೂರಲ್ಲಿ? ಇರೋದು ಬೋರು" ಅಂದೆ. ಇನ್ನೂ ಜೋರಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಾನು ಊರಿಗೇ ಬರ್ತೀನಜ್ಜಿ, ಅಲ್ಲಿರೋ ಸದ್ದನ್ನೆಲ್ಲ ಕೇಳಿಸ್ಕೊಂಡು ಬರೀತೀನಿ" ಅಂದಳು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಈ ಮಾತನ್ನ ಡೈರಿಯಲ್ಲಿ ಹೇಳಿದೆ.

ನಮ್ಮ ಊರಿನ ಸದ್ದು ಸಂಗೀತಕ್ಕೆ ಹೋಗುತ್ತದೆ ಅಂದ ಕೂಡಲೇ ಊರಿಗೆ ಊರೇ ತಾನು ಹಳ್ಳಿ ಅನ್ನುವುದನ್ನ ನೆನಪು ಮಾಡಿಕೊಂಡಿತು. ಎತ್ತಿನ ಗಾಡಿ ಇಲ್ಲದೆ ಹಳ್ಳಿ ಹೇಗೆ ಅಂತ ಯಜಮಾನರಿಗೆ ಚಿಂತೆ ಹತ್ತಿತು. ನಮ್ಮ ಬೀದಿಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಬಹಳ ಕಾಲವಾಗಿದೆ. ಪಿರಿಯಾಪಟ್ಟಣದ ಕಡೆ ಒಬ್ಬ ನೆಂಟರ ಮನೆಯಲ್ಲಿ ಗಾಡಿ ಇನ್ನೂ ಇದೆ ಅಂತ ಗೊತ್ತಾಯಿತು. ಗಾಡಿ ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಬಂತು. ಎತ್ತುಗಳು ಹಿಂದೆ ಟೆಂಪೋದಲ್ಲಿ ಬಂದವು. ಎತ್ತುಗಳಿಗೆ ಗೆಜ್ಜೆ ಸಿಗಲಿಲ್ಲ, ಸ್ಕೂಲು ಮಕ್ಕಳ ಡ್ಯಾನ್ಸಿನ ಗೆಜ್ಜೆ ತಂದು ಕಟ್ಟಿದರು.

ಹೆಂಗಸರು ರಾಗಿ ಬೀಸುವ ಪದ ಹೇಳುತ್ತೇವೆ ಅಂದರು. ಬೀಸೋಕಲ್ಲು ಎಲ್ಲಿದೆ? ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಆಸರೆಯಾಗಿ ಕೂತಿತ್ತು. ಹಾರೆ ಹಾಕಿ ಎಬ್ಬಿಸಿದರು, ಅವತ್ತಿನಿಂದ ಒಗೆಯುವ ಕಲ್ಲು ಅಲ್ಲಾಡುತ್ತಿದೆ. ಪದ ಶುರುವಾದ ಮೇಲೆ ಗೊತ್ತಾಯಿತು, ಯಾರಿಗೂ ಎರಡು ಸಾಲಿಗಿಂತ ಮುಂದಕ್ಕೆ ಬರುವುದಿಲ್ಲ. ಮೂರನೇ ಸಾಲಿಗೆ ಟಿ.ವಿ. ಧಾರಾವಾಹಿಯ ಹಾಡು ತಂದು ಜೋಡಿಸಿದರು. ರಾಗಕ್ಕೆ ಸರಿಯಾಗಿಯೇ ಕೂತಿತು.

ಮೊಮ್ಮಗಳು ಬಂದ ದಿನ ಯಜಮಾನರು ಮಗಳ ಮದುವೆಯಲ್ಲಿ ಕಟ್ಟಿದ್ದ ಪೇಟ ಹುಡುಕಿ ಕಟ್ಟಿಕೊಂಡರು. ಸದ್ದು ಕೆಡದಿರಲಿ ಅಂತ ನಮ್ಮ ಮೋಟಾರ್ ನಿಲ್ಲಿಸಿದರು, ಪಕ್ಕದ ಹೊಲದವರ ಟಿಲ್ಲರ್ ನಿಲ್ಲಿಸಿದರು, ಮೂಲೆ ಮನೆಯ ನಾಯಿಗೆ ಬಿಸ್ಕೆಟ್ ಹಾಕಿ ಕೂರಿಸಿದರು. ಊರಲ್ಲಿ ನಿಜವಾಗಿ ಸದ್ದು ಮಾಡುವುದನ್ನೆಲ್ಲ ಬಾಯಿ ಮುಚ್ಚಿಸಿ, ಇಪ್ಪತ್ತು ವರ್ಷದಿಂದ ಸದ್ದಿಲ್ಲದೆ ಬಿದ್ದಿದ್ದನ್ನೆಲ್ಲ ಎಬ್ಬಿಸಿದರು. ನಾನೇನು ಕಡಿಮೆ ಅಲ್ಲ. ಮಿಕ್ಸಿಯನ್ನ ಅಟ್ಟಕ್ಕೆ ಹಾಕಿ ಒರಳು ತೊಳೆದಿಟ್ಟಿದ್ದೆ.

ಪಂಚಾಯ್ತಿ ಮೆಂಬರೂ ಬಂದರು. "ನಮ್ಮೂರ್ ಹೊಸ ಚರಂಡೀನೂ ಸೇರುಸ್ಕಳವ್ವ ಅದ್ರೊಳಗೆ" ಅಂದರು.

"ಚರಂಡಿಗೆ ಸೌಂಡ್ ಇಲ್ವಲ್ಲ ಅಣ್ಣ" ಅಂದಳು ಮೊಮ್ಮಗಳು.

"ಮಳೆ ಬಂದಾಗ ಬಾ. ಆಗ ಕೇಳು" ಅಂದಳು ಚರಂಡಿ ಪಕ್ಕದ ಮನೆಯಾಕೆ, ಮೆಂಬರ್ ಮುಖ ನೋಡದೆ.

ವ್ಯಾನಿನ ಸೀಟುಗಳ ಮೇಲೆ ಮಲಗಿಸಿಕೊಂಡು ತಂದಿದ್ದ ದೊಡ್ಡ ಪಿಟೀಲನ್ನ ಜಗಲಿ ಮೇಲೆ ನಿಲ್ಲಿಸಿ, ಫೋನಿನ ರೆಕಾರ್ಡು ಹಾಕಿ, ಅವಳು ಒಂದು ಸಲ ಕಮಾನು ಎಳೆದಳು ನೋಡಿ. ಟೆಂಪೋದಲ್ಲಿ ಬಂದು ಸುಸ್ತಾಗಿದ್ದ ಎತ್ತೊಂದು ನಿಂತಲ್ಲೇ ಗಂಜಲ ಹುಯ್ದಿತು. ಪೂರಾ ರೆಕಾರ್ಡಿನಲ್ಲಿ ನಿಜವಾದ ಸದ್ದು ಅಂದರೆ ಅದೊಂದೇ ಅಂತ ಅವಳು ಆಮೇಲೆ ಹೇಳಿದಳು. ಆಗ ಮಾತ್ರ ಎಲ್ಲರಿಗೂ ಕೈ ಮುಗಿದಳು. ಎಲ್ಲರಿಗೂ ಕಾಫಿ ಕೊಟ್ಟೆ. ಊರು ತನ್ನ ಕೆಲಸ ಮುಗಿಯಿತು ಅಂತ ಸಮಾಧಾನವಾಗಿ ಮನೆಗೆ ಹೋಯಿತು.

ಅವಳು ಜಗಲಿ ಮೇಲೆ ಪಿಟೀಲಿಗೆ ಒರಗಿಕೊಂಡು ಕೂತಳು. "ಅಜ್ಜಿ, ಇದೂ ಕ್ಯಾಲೆಂಡರೇ" ಅಂದಳು. "ಇಷ್ಟೇ ನನ್ನ ಕೈಲಾಗೋದು ಅನ್ಸುತ್ತೆ. ವಾಪಸ್ ಕೊಟ್ಟುಬಿಡ್ತೀನಿ." ಪಿಟೀಲಿನ ಹೊಟ್ಟೆ ಮೇಲೆ ಅವಳ ಕೈ ಇತ್ತು. ಕರುವನ್ನ ಮಾರುವ ಹಿಂದಿನ ದಿನ ಇಟ್ಟುಕೊಳ್ಳುವ ಹಾಗೆ. ಸಮಾಧಾನ ಹೇಳುತ್ತಾ ಕೂರಲು ನನಗೆ ಪುರುಸೊತ್ತಿರಲಿಲ್ಲ. ಬೆಳಗ್ಗೆ ಕಿತ್ತು ತಂದ ಸೊಪ್ಪು ಚಪ್ಪರದ ಕೆಳಗೆ ಗುಡ್ಡೆಯಾಗಿ ಬಿದ್ದಿತ್ತು. ಪೇಟ ಕಟ್ಟುವ ಗಲಾಟೆಯಲ್ಲಿ ಯಾರೂ ಅದನ್ನ ಮುಟ್ಟಿರಲಿಲ್ಲ. ಗುಡ್ಡೆಯಲ್ಲಿ ಬಿಟ್ಟರೆ ಸೊಪ್ಪು ಒಳಗೇ ಕಾದು ಕೆಡುತ್ತದೆ. ಪಕ್ಕದ ಮನೆಯ ಇಬ್ಬರು ಹೆಂಗಸರನ್ನ ಕೂಗಿ ಕರೆದು ಕೂತೆ. "ಅಳೋದಾದ್ರೆ ಇಲ್ಲೇ ಕೂತ್ಕಂಡು ಅಳು ಮಗ, ಕೈಗೆ ಎಲೆನಾದ್ರೂ ಎತ್ಕೊಡು" ಅಂದೆ. ಬಂದು ಕೂತಳು.

ಸೊಪ್ಪು ಕಟ್ಟುವುದು ಹೀಗೆ. ಉದ್ದ ಕಡ್ಡಿಗೆ ದಾರ ಬಿಟ್ಟುಕೊಂಡು, ಮೂರು ಎಲೆ ಕಡ್ಡಿಯ ಈ ಕಡೆ, ಮೂರು ಎಲೆ ಆ ಕಡೆ ಹಾಕಿ ದಾರ ಬಿಗಿಯಬೇಕು. ಮತ್ತೆ ಮೂರು, ಮತ್ತೆ ಮೂರು. ನಮ್ಮ ಮನೆಯಲ್ಲಿ ಎಣಿಸುತ್ತಾ ಕಟ್ಟುವುದು ಅಭ್ಯಾಸ. ರಾಗಿ ಅಳೆಯುವಾಗ ಹೇಳುವ ಹಾಗೆ ಒಂದಕ್ಕೆ ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ನಾಲ್ಕು, ಐದು, ಆರು. ಆರಾದ ಮೇಲೆ ಬಾಯಿ ಮುಚ್ಚಿಕೊಂಡು ದಾರ ಎಳೆಯುವುದು. ಏಳು ಅಂತ ಹೇಳಬಾರದು. ನಮ್ಮತ್ತೆ ಹಾಗೆ ಕಲಿಸಿದ್ದರು. ಯಾಕತ್ತೆ ಅಂದಿದ್ದಕ್ಕೆ, "ಯಾಕೆ ಅಂತ ಕೇಳುದ್ರೆ ಸೊಪ್ಪು ಕರ್ರಗಾಯ್ತದೆ" ಅಂದಿದ್ದರು. ಮತ್ತೆ ಕೇಳಲಿಲ್ಲ.

ಮೂರು ಕಡ್ಡಿ ಹಿಡಿದು ಮೂವರು ಎದುರುಬದುರು ಕೂತಿದ್ದೆವು. ಮೊದಮೊದಲು ಮಾತಿತ್ತು. ಎತ್ತಿನ ಕಾಲಿಗೆ ಡ್ಯಾನ್ಸ್ ಗೆಜ್ಜೆ ಕಟ್ಟಿದವನನ್ನ ಬೈದುಕೊಂಡು ನಕ್ಕೆವು. ಆಮೇಲೆ ಕೆಲಸ ಓಡತೊಡಗಿ ಮಾತು ನಿಂತು ಬರೀ ಎಣಿಕೆ ಉಳಿಯಿತು. ಒಬ್ಬಳು ಲಾಭ ಅನ್ನುವಾಗ ಇನ್ನೊಬ್ಬಳು ನಾಲ್ಕರಲ್ಲಿ. ಹೀಗೇ ಹೋಗ್ತಾ ಹೋಗ್ತಾ, ನೊಗಕ್ಕೆ ಕಟ್ಟಿದ ದನದ ಹೆಜ್ಜೆ ಕೂಡುವ ಹಾಗೆ, ಮೂವರ ಎಣಿಕೆಯೂ ಒಂದಕ್ಕೊಂದು ಕೂಡಿಕೊಂಡಿತು. ಮೂವರೂ ಒಟ್ಟಿಗೆ ಆರು ಅಂದೆವು. ಮೂವರೂ ಒಟ್ಟಿಗೆ ಬಾಯಿ ಮುಚ್ಚಿ ಎಳೆದೆವು.

ಆ ಸಂದಿಯಲ್ಲಿ ಪಕ್ಕದ ಮನೆಯ ಬ್ಯಾರನ್ ಕೇಳಿಸಿತು. ಅವರು ಹಿಂದಿನ ದಿನವೇ ಬೆಂಕಿ ಹಾಕಿದ್ದರು. ಒಲೆ ಗಾಳಿ ಎಳೆದುಕೊಳ್ಳುವಾಗ ಒಳಗಿನ ತಗಡಿನ ಕೊಳವೆಗಳು ಸಣ್ಣಗೆ ಗುಂಯ್ ಅನ್ನುತ್ತವೆ. ದಿನಾ ಇರುವ ಸದ್ದು, ನಮಗೆ ಕೇಳಿಸುವುದೇ ಇಲ್ಲ. ಮೊಮ್ಮಗಳು ಎಲೆ ಕೆಳಗಿಟ್ಟಳು.

"ಅಜ್ಜಿ, ಆರಾದ ಮೇಲೆ ಏನಂತೀಯ?"

"ಏನೂ ಅನ್ನಲ್ಲ ಕಣಮ್ಮಿ. ದಾರ ಎಳೀತೀವಿ."

"ಎಷ್ಟು ಹೊತ್ತು?"

"ಬಿಗಿಯಾಗೋಗಂಟ."

"ಅಂದ್ರೆ ಎಷ್ಟು?"

"ಬೇಗ ಎಳುದ್ರೆ ದಾರ ಕಿತ್ತೋಯ್ತದೆ. ತಡ ಮಾಡುದ್ರೆ ಎಲೆ ಜಾರ್ತದೆ. ಅಷ್ಟು."

ಅವಳು ಎದ್ದು ಓಡಿದಳು. ಪಿಟೀಲು ತಂದು ಚಪ್ಪರದ ಕಂಬದ ಪಕ್ಕ ನಿಂತಳು. "ನೀವು ಕಟ್ಟಿ, ನಿಲ್ಲಿಸಬೇಡಿ" ಅಂದಳು. ನಾವು ಆರು ಎಣಿಸಿ ದಾರ ಎಳೆಯುವಾಗ ಅವಳು ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಕಮಾನನ್ನ ಮೆತ್ತಗೆ ಇಟ್ಟಳು, ಬ್ಯಾರನ್ನಿನ ದನಿಗೇ ಸರಿಯಾಗಿ. ಎಣಿಕೆ ಶುರುವಾದ ಕೂಡಲೇ ಎತ್ತಿಬಿಟ್ಟಳು. ಪಕ್ಕದ ಮನೆಯಾಕೆ ಎಲೆ ಹಿಡಿದ ಕೈ ಹಾಗೇ ಇಟ್ಟುಕೊಂಡು, "ಅಕ್ಕ, ನಮ್ ಬ್ಯಾರನ್ನು ಎದ್ದು ಬಂದು ನಮ್ ಪಕ್ಕ ಕೂತ್ಕಂಡಂಗಾಯ್ತು ಕಣಕ್ಕ" ಅಂದಳು. ಅವಳಷ್ಟು ಚೆನ್ನಾಗಿ ಅದನ್ನ ಆಮೇಲೆ ಯಾರೂ ಹೇಳಲಿಲ್ಲ, ಮೈಸೂರಿನಲ್ಲೂ.

ಹದಿನೈದು ದಿನ ಇಲ್ಲೇ ಇದ್ದಳು. ಗೆರೆ ಹಾಕಿದ ಹಾಳೆಗಳಲ್ಲಿ ಇರುವೆ ಸಾಲು ಬರೆದ ಹಾಗೆ ಬರೆದಳು. ಸಣ್ಣ ವಾದ್ಯ ಮೂರಕ್ಕೂ ನಮ್ಮ ಎಣಿಕೆ, ದೊಡ್ಡ ಪಿಟೀಲಿಗೆ ಆರಾದ ಮೇಲಿನ ಗುಂಯ್. ಸೊಪ್ಪು ಇಳಿಸಿ ನಮ್ಮ ಬ್ಯಾರನ್ ಖಾಲಿಯಾದ ದಿನ ಅದರೊಳಗೆ ನಿಂತು ನುಡಿಸಿದಳು. ಗೋಡೆಗೆಲ್ಲ ಹೊಗೆಸೊಪ್ಪಿನ ವಾಸನೆ, ಮೇಲೆ ಖಾಲಿ ಅಡ್ಡಮರ. ಕೋಣೆ ಸಂಗೀತಕ್ಕೆ ಕೋಣೆ ಸಿಕ್ಕಿತು ಅಂತ ಯಜಮಾನರಿಗೆ ಹೆಮ್ಮೆ. ಆದರೂ ಬಾಗಿಲಲ್ಲಿ ನಿಂತು ತಮ್ಮ ತೀರ್ಪು ಹೇಳುವುದನ್ನ ಬಿಡಲಿಲ್ಲ. "ಎಲ್ಲ ಸರಿ, ಹಾಡು ಯಾವಾಗ ಬತ್ತದೆ?" ಅನ್ನುವರು. ಗಾಡಿ, ಎತ್ತು, ಪೇಟ ಯಾವುದೂ ಅದರಲ್ಲಿ ಇಲ್ಲ ಅಂತ ತಿಳಿದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ವೀರನಹೊಸಹಳ್ಳಿಯಿಂದ ನನ್ನ ತಮ್ಮ ಬಂದವನು ಬ್ಯಾರನ್ ಹೊರಗೆ ನಿಂತು ಪೂರಾ ಕೇಳಿದ. ಕಾಡಂಚಿನಲ್ಲಿ ಅವನ ರಾಗಿ ಹೊಲ, ಆನೆ ಕಾಟ. "ಅಕ್ಕ, ಇದು ಬೋ ಚೆನ್ನಾಗದೆ" ಅಂದ. ನಾನು ಉಬ್ಬಿಹೋದೆ. "ಎರಡ್ ದಿನ ನಂಗೆ ಕೊಟ್ಟಿರ್ಲಿ ಅನ್ನು. ಹೊಲದ ಅಂಚಲ್ಲಿ ಒಂದ್ಸಲ ಗುಂಯ್ ಅನ್ಸುದ್ರೆ ಆನೆ ಈ ಕಡೆ ತಲೆ ಹಾಕಲ್ಲ." ನಮ್ಮ ಕಡೆಯವರಿಗೆ ಒಂದು ಪದಾರ್ಥ ಹಿಡಿಸಿತು ಅಂದರೆ ಅದಕ್ಕೊಂದು ಕೆಲಸ ಕೊಟ್ಟೇ ತೀರುತ್ತಾರೆ.

ಕಳೆದ ಭಾನುವಾರ ಬೆಳಗ್ಗೆಯೇ ನಾವಿಬ್ಬರೂ ಮೈಸೂರಿಗೆ ಹೋದೆವು. ಮೇಷ್ಟರ ಮನೆಯವರಿಗೆ ಅಂತ ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು ಹಿಡಿದಿದ್ದೆ, ಯಜಮಾನರು ಛತ್ರಿ ಹಿಡಿದಿದ್ದರು. ಒಂದು ಹಳೇ ಬಂಗಲೆಯ ನಡುಮನೆ. ಹನ್ನೊಂದೂವರೆಗೆ ಜನ ಬರುತ್ತಾರೆ, ಅದಕ್ಕೆ ಮುಂಚೆ ಒಂದು ಸಲ ನುಡಿಸಿ ನೋಡುತ್ತಿದ್ದರು. ಬೆಂಗಳೂರಿನ ಮೂವರಲ್ಲಿ ಒಬ್ಬಾಕೆಯ ಕೈಯಲ್ಲಿ ಸಣ್ಣ ಪಿಟೀಲು, ಒಬ್ಬರ ಹತ್ತಿರ ಅದಕ್ಕಿಂತ ಸ್ವಲ್ಪ ದೊಡ್ಡದು, ಗಡ್ಡದವರೊಬ್ಬರು ಮಂಡಿ ನಡುವೆ ಹಿಡಿದು ನುಡಿಸುವ ಚೆಲ್ಲೋ. ಒಳ್ಳೇ ಜನ, ಒಳ್ಳೇ ಕೈ. ಶುರು ಚೆನ್ನಾಗಿ ಆಗುತ್ತಿತ್ತು. ಆರರವರೆಗೂ ಸರಿ. ಆರಾದ ಮೇಲೆ ಕೆಟ್ಟುಹೋಗುತ್ತಿತ್ತು. ಮೂವರೂ ಸುಮ್ಮನಿರಬೇಕು, ಇವಳೊಬ್ಬಳೇ ಗುಂಯ್ ಅನ್ನಿಸಬೇಕು. ಆದರೆ ಒಬ್ಬರು ಮೊದಲೇ ನುಗ್ಗುವರು, ಒಬ್ಬರು ತಡವಾಗಿ ಬರುವರು, ಗಡ್ಡದವರು ಪ್ರತಿ ಸಲವೂ ಅಲ್ಲಿ ತಮ್ಮದೊಂದು ಸೇರಿಸಿಬಿಡುವರು.

"ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ಸುತ್ತೆ" ಅಂದರು ಅವರು, ಹಾಳೆ ನೋಡುತ್ತಾ.

"ಬಿಟ್ಟುಹೋಗಿಲ್ಲ ಸರ್. ಅಲ್ಲಿ ಎಳೀಬೇಕು" ಅಂದಳು ಮೊಮ್ಮಗಳು. ಏನು ಎಳೆಯಬೇಕು ಅಂತ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ನಾಲ್ಕು ಸಲ ಆಯಿತು. ಮೇಷ್ಟರು ಗಡಿಯಾರ ನೋಡಿದರು. ಪೆನ್ಸಿಲ್ ತೆಗೆದು, "ಈ ಖಾಲಿ ಜಾಗಕ್ಕೆ ನಾನೊಂದು ಸ್ವರ ಹಾಕ್ತೀನಿ, ಹಿಡಿದುಕೊಳ್ಳೋಕೆ ಎಲ್ಲರಿಗೂ ಸುಲಭ ಆಗುತ್ತೆ. ಆದರೆ ಮಗು, ಆಗ ಇದು ಪೂರ್ತಿ ನಿನ್ನದು ಅಂತ ನಾನು ಹೇಳೋಕಾಗಲ್ಲ" ಅಂದರು. ಬರೆದೂಬಿಟ್ಟರು. ನಮ್ಮ ಹುಡುಗಿ ತಲೆ ಬಗ್ಗಿಸಿ, ಪಿಟೀಲಿನ ಹೊಟ್ಟೆ ಮೇಲೆ ಕೈ ಇಟ್ಟುಕೊಂಡಳು. ಅವತ್ತು ಜಗಲಿ ಮೇಲೆ ಇಟ್ಟುಕೊಂಡಿದ್ದಳಲ್ಲ, ಹಾಗೇ.

ನನಗೆ ಅಂಥ ಕಡೆ ಮಾತಾಡಿ ಅಭ್ಯಾಸವಿಲ್ಲ. ಆದರೆ ಹೊಸ ಆಳುಗಳು ಸೊಪ್ಪು ಕಟ್ಟುವುದು ತಪ್ಪಿದಾಗ ತೋರಿಸಿಕೊಟ್ಟು ಅಭ್ಯಾಸವಿದೆ. ಎದ್ದು ಹೋದೆ.

"ಸ್ವಾಮಿ, ಒಂದ್ ಗಳಿಗೆ ನಿಮ್ ಕಮಾನು ಕೆಳಗಿಡಿ. ಇದು ಸಂಗೀತದ ವಿಚಾರ ಅಲ್ಲ, ಸೊಪ್ಪಿನ ವಿಚಾರ" ಅಂದೆ.

ಯಜಮಾನರ ಛತ್ರಿ ತೆಗೆದುಕೊಂಡು ಎರಡು ಕುರ್ಚಿ ಮೇಲೆ ಅಡ್ಡ ಇಟ್ಟೆ. "ಅದು ನನ್ ಛತ್ರಿ" ಅಂದರು ಅವರು. ಕೇಳಿಸದ ಹಾಗೆ ಇದ್ದೆ. ದಂಟಿನ ಕಟ್ಟು ಬಿಚ್ಚಿ, ಅದಕ್ಕೆ ಕಟ್ಟಿದ್ದ ಗೋಣಿದಾರವನ್ನೇ ಬಿಟ್ಟುಕೊಂಡು, ಮೂರು ದಂಟು ಈ ಕಡೆ, ಮೂರು ದಂಟು ಆ ಕಡೆ, ಬಾಯಿ ಮುಚ್ಚಿ ಎಳೆದು ತೋರಿಸಿದೆ. "ಈಗ ನೀವ್ ಕಟ್ಟಿ" ಅಂದೆ.

ದೊಡ್ಡ ಕೆಲಸದ ಜನ, ಇಸ್ತ್ರಿ ಬಟ್ಟೆ. ಆದರೂ ಬಂದು ಕೂತರು ಅನ್ನಿ. ಲಾಭ ಅನ್ನುವುದನ್ನ ಕಲಿಸಿದೆ, ಸರಿಯಾಗಿ ಹೇಳಿದರು. ಗಡ್ಡದವರ ದಂಟು ಮೂರು ಸಲ ಕೆಳಗೆ ಬಿತ್ತು.

"ಎಳೀದೇ ಇದ್ರೆ ಬೀಳ್ದೆ ಇನ್ನೇನಾಯ್ತದೆ" ಅಂದೆ.

"ಎಳೆದೆನಲ್ಲಮ್ಮ."

"ಎಳುದ್ರಿ, ಬಾಯಲ್ಲಿ ಏಳು ಅಂದ್ಕಂಡು ಎಳುದ್ರಿ. ಬಾಯಿ ಮಾತಾಡುವಾಗ ಕೈ ಬಿಗಿ ಬರಕಿಲ್ಲ ಸ್ವಾಮಿ."

ನಾಲ್ಕನೇ ಸಲಕ್ಕೆ ನಿಂತಿತು. ಅವರು ಆ ಹಸಿರು ಗಂಟನ್ನ ಬೆರಳಿನಲ್ಲಿ ಮುಟ್ಟಿ ನೋಡಿ, ಮೇಷ್ಟರ ಕಡೆ ತಿರುಗಿ, "ಸರ್, ಈ ಜಾಗ ಖಾಲಿ ಅಲ್ಲ. ಇಲ್ಲಿ ಕೆಲಸ ಇದೆ" ಅಂದರು. ಮೂವರೂ ಕೈ ಒರೆಸಿಕೊಂಡು ವಾಪಸ್ ಹೋಗಿ ಕೂತರು. ಮತ್ತೆ ಶುರು ಮಾಡಿದರು. ಆರು. ಮೂವರೂ ಬಾಯಿ ಮುಚ್ಚಿದರು, ಮೂವರ ಮೊಣಕೈಯೂ ದಾರ ಎಳೆಯುವ ಹಾಗೆ ಸ್ವಲ್ಪ ಹಿಂದಕ್ಕೆ ಬಂತು. ಆ ಸಂದಿಯಲ್ಲಿ ನನ್ನ ಮೊಮ್ಮಗಳ ಕಮಾನು ತಂತಿ ಮುಟ್ಟಿತು. ನಾನು ಕೂತಿದ್ದ ಕುರ್ಚಿಗೆ ಮೊದಲು ಗೊತ್ತಾಯಿತು.

ಮೇಷ್ಟರು ಜೇಬಿನಿಂದ ರಬ್ಬರ್ ತೆಗೆದು ತಾವು ಬರೆದಿದ್ದ ಪೆನ್ಸಿಲ್ ಗುರುತನ್ನ ನಾಲ್ಕೂ ಹಾಳೆಯಲ್ಲಿ ಅಳಿಸಿದರು.

ಜನ ಒಂದು ಮೂವತ್ತು ನಲವತ್ತು ಬಂದಿದ್ದರು. ಎಲ್ಲರ ಕೈಗೂ ಒಂದು ಹಾಳೆ ಕೊಟ್ಟರು. ಮೊಮ್ಮಗಳು ಇಟ್ಟ ಹೆಸರು ಹೊಗೆಸೊಪ್ಪು ಅಂತ. ಹಾಳೆಯಲ್ಲಿ ಹಸಿರೆಲೆಗಳ ಸಂವಾದ ಅಂತ ಅಚ್ಚಾಗಿತ್ತು. ಕೇಳಿದ್ದಕ್ಕೆ, ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿ, ಕಾರ್ಯಕ್ರಮದಲ್ಲಿ ಚೆನ್ನಾಗಿರುವುದಿಲ್ಲ ಅಂತ ಸಮಿತಿಯವರು ಬದಲಾಯಿಸಿದರಂತೆ. "ಸೇದುದ್ರೆ ಹಾನಿ ಸರಿ. ಕೇಳುದ್ರೂನಾ?" ಅಂದರು ಯಜಮಾನರು. ನಿರೂಪಣೆ ಮಾಡಿದ ಅಮ್ಮ ಮೈಕು ಹಿಡಿದು, ಈ ಕೃತಿಯಲ್ಲಿ ಗ್ರಾಮೀಣ ಪ್ರಕೃತಿಯ ಧ್ಯಾನಸ್ಥ ಮೌನವಿದೆ ಅಂದರು. ದಾರ ಎಳೆಯುವಾಗ ನಾವು ಧ್ಯಾನದಲ್ಲಿರುತ್ತೇವೆ ಅಂತ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ನುಡಿಸಿದರು. ಅದನ್ನ ಬಣ್ಣಿಸಲು ನನಗೆ ಬರುವುದಿಲ್ಲ. ನಾನು ಸೆರಗಿನೊಳಗೆ ಎಣಿಸುತ್ತಾ ಕೂತಿದ್ದೆ, ಒಂದು ಎಲೆಯೂ ಜಾರಲಿಲ್ಲ. ಮುಗಿದ ಮೇಲೆ ಪಕ್ಕದಲ್ಲಿದ್ದ ಕನ್ನಡಕದ ದೊಡ್ಡವರು ಕಣ್ಣು ಒರೆಸಿಕೊಂಡು, "ನನಗೆ ಕೋಗಿಲೆ ಕೇಳಿಸಿತಮ್ಮ, ತೊರೆ ಕೇಳಿಸಿತು" ಅಂದರು. "ಆಗಿರ್ಬೋದು ಸ್ವಾಮಿ. ಸೊಪ್ಪು ಕಟ್ಟೋ ಹೊತ್ತಲ್ಲಿ ನಮ್ಗೆ ಅದ್ಕೆಲ್ಲ ಪುರುಸೊತ್ತಿರಲ್ಲ" ಅಂದೆ. ಅಷ್ಟರಲ್ಲಿ ಮೇಷ್ಟರು ಎದ್ದು ಬಂದು ನಾನು ಮೊದಲೇ ಹೇಳಿದ ಆ ಮಾತು ಹೇಳಿದರು. ಮೊಮ್ಮಗಳು ಅಷ್ಟು ಎತ್ತರದಿಂದ ಬಗ್ಗಿ ಅವರ ಕಾಲು ಮುಟ್ಟಿದಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ಹೆಗಲ ಮೇಲೆ ಗಲ್ಲ ಇಟ್ಟಳು. ಬೇರೆ ಯಾರ ಹೆಗಲಿಗಾದರೂ ಅವಳು ಬಹಳ ಬಗ್ಗಬೇಕು, ನನ್ನದಕ್ಕೆ ಮಾತ್ರ ಸ್ವಲ್ಪ ಸಾಕು.

ಸಾಯಂಕಾಲಕ್ಕೆ ಎಲ್ಲರೂ ಅಳಿಯನ ವ್ಯಾನಿನಲ್ಲಿ ಊರಿಗೆ ಬಂದೆವು, ಪಿಟೀಲೂ ಜೊತೆಗೆ. ಬ್ಯಾರನ್ ನೋಡಬೇಕು ಅಂತ ಮೇಷ್ಟರೂ ಹತ್ತಿದರು. ಮನೆಯಲ್ಲಿ ನನ್ನ ತಮ್ಮ ನಾಟಿ ಕೋಳಿ ತಂದು ಸಾರಿಗೆ ಇಟ್ಟಿದ್ದ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದೆ. ಮೇಷ್ಟರು, ಯಜಮಾನರು, ಅಳಿಯ, ನನ್ನ ತಮ್ಮ, ಮಗಳು, ಮೊಮ್ಮಗಳು, ಕೊನೆಗೆ ನಾನು. ಪಿಟೀಲನ್ನ ಮೂಲೆಯಲ್ಲಿ ರಾಗಿ ಚೀಲಕ್ಕೆ ಒರಗಿಸಿದ್ದರು, ನೆಂಟರ ಹಾಗೆ ಕಾಣುತ್ತಿತ್ತು. ಮುದ್ದೆ ಹಾಕುತ್ತಾ ಬಂದೆ. ಲಾಭ ಅಂತ ಮೇಷ್ಟರಿಗೆ. ಎರಡು, ಮೂರು, ನಾಲ್ಕು, ಐದು. ಆರು ಅಂತ ಮೊಮ್ಮಗಳಿಗೆ. ನನ್ನ ಎಲೆಗೆ ಹಾಕಿಕೊಂಡಾಗ ಬಾಯಿ ಮುಚ್ಚಿಕೊಂಡಿದ್ದೆ. ಮೇಷ್ಟರು ಮುದ್ದೆ ಮೇಲೆ ಕೈ ಎತ್ತಿ ಹಿಡಿದು, ನಾನು ಕೂರುವವರೆಗೂ ಹಾಗೇ ಇದ್ದರು.

"ತಿನ್ನಿ ಸಾ, ಕಾಯ್ಬೇಡಿ" ಅಂದರು ಯಜಮಾನರು. "ಅಗೀಬ್ಯಾಡಿ ಮತ್ತೆ. ನುಂಗ್ಬೇಕು."

"ನಾಳೆ ಆ ಪಿಟೀಲ್ನ ನಮ್ ಹೊಲುಕ್ಕೆ ಕಳಸ್ತೀಯಾ ಮಗ?" ಅಂದ ನನ್ನ ತಮ್ಮ, ಕೋಳಿ ಕಾಲು ಹಿಡಿದುಕೊಂಡು.

"ಅದೊಂದೇ ಬರಲ್ಲ ತಾತ. ನಾನೂ ಬರ್ತೀನಿ. ಆನೆಗೆ ಇಷ್ಟ ಆಗಿ ಅಲ್ಲೇ ನಿಂತುಬಿಟ್ರೆ ನನ್ನ ಬೈಬೇಡಿ" ಅಂದಳು.

ಅವನಿಗೆ ಆ ಯೋಚನೆ ಬಂದೇ ಇರಲಿಲ್ಲ. ಕೋಳಿ ಕಾಲನ್ನ ಎಲೆಗೆ ಇಳಿಸಿದ. ಎಲ್ಲರ ಬಾಯಲ್ಲೂ ಮುದ್ದೆ ಸಾರಿತ್ತು. ಆಚೆ ಪಕ್ಕದ ಮನೆಯ ಬ್ಯಾರನ್ ಗುಂಯ್ ಅನ್ನುತ್ತಿತ್ತು. ಮೊಮ್ಮಗಳು ತಲೆ ಎತ್ತಿ ನನ್ನನ್ನ ನೋಡಿದಳು, ಮೇಷ್ಟರು ನುಂಗುವುದನ್ನ ನಿಲ್ಲಿಸಿದರು.

"ಇನ್ನೊಂದ್ ಸವುಟು ಸಾರು ಬುಡಮ್ಮಿ" ಅಂದರು ಯಜಮಾನರು.